ಎರಡು ಬೆರಳಗಲದ ಜೇಬು

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಕಾಜಾ ಸೂಜಿಗೂ ತನ್ನ ಹಣೆಬರಹಕ್ಕೂ ಒಟ್ಟಿಗೇ ಬೈಯುತ್ತ ಕೂತಿದ್ದ. ಗುಂಡಿ ತೂರಿಸಲು ಬಟ್ಟೆಗೆ ಮಾಡುವ ಕಂಡಿಯನ್ನು ದರ್ಜಿಗಳು ಕಾಜಾ ಅನ್ನುತ್ತಾರೆ. ಮೂವತ್ತು ವರ್ಷ ಅದನ್ನೇ ಹೊಲಿದೂ ಹೊಲಿದೂ ಪುಣ್ಯಾತ್ಮನಿಗೆ ಅದೇ ಹೆಸರಾಗಿಹೋಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವನ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ.

ತೊಡೆಯ ಮೇಲಿದ್ದದ್ದು ಡ್ರೈವರ್ ತಾತನ ಹೊಸ ಅಂಗಿ. ಸೈನ್ಯದಲ್ಲಿ ಟ್ರಕ್ ಓಡಿಸಿ ನಿವೃತ್ತರಾದ ಈ ತಾತನದು ಇಪ್ಪತ್ತು ವರ್ಷದಿಂದ ಒಂದೇ ಹಟ: ಎಡಗಡೆ, ಒಳಮಗ್ಗುಲಲ್ಲಿ, ಎರಡು ಬೆರಳಗಲದ ಒಂದು ಜೇಬು ಇರಲೇಬೇಕು. ಅದಕ್ಕೊಂದು ಗುಂಡಿ. ಆ ಗುಂಡಿಗೆ ಅಕ್ಕಿಕಾಳಿನಷ್ಟು ಕಾಜಾ.

"ಏನಿಡ್ತೀರಾ ತಾತ ಇದರಲ್ಲಿ?" ಅಂತ ಒಮ್ಮೆ ಕೇಳಿದ್ದ.

"ಏನೂ ಇಡಲ್ಲ. ಇಡೋಕೆ ಈಗೇನಿದೆ?" ಅಂದಿದ್ದರು ತಾತ.

ಏನೂ ಇಡದ ಜೇಬಿಗೆ ಗುಂಡಿ ಬೇರೆ ಕೇಡು ಅಂತ ಕಾಜಾ ಗೊಣಗಿದರೆ, ಹೊಲಿಗೆ ಯಂತ್ರದ ಹಿಂದಿನಿಂದ ಅವನ ಸೋದರತ್ತೆ, "ಹಾಕಿಸಿಕೊಳ್ಳೋರು ಅವರು, ಹಾಕೋನು ನೀನು. ಮಧ್ಯೆ ನಿನ್ನ ನಾಲಿಗೆಗೇನು ಕೆಲಸ?" ಅನ್ನುತ್ತಿದ್ದರು. ಅಂಗಡಿ ಅತ್ತೆಯದು. ಕೊರಳಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ಕಳೆದುಹೋದ ಬೆಕ್ಕಿನಿಂದ ಹಿಡಿದು ಮುರಿದುಬಿದ್ದ ಮದುವೆಯ ನಿಜವಾದ ಕಾರಣದವರೆಗೆ ಓಣಿಯ ಸಮಸ್ತ ಗುಟ್ಟನ್ನೂ ಹೊರಗೆಳೆದದ್ದರಿಂದ ಅವರು ಎಲ್ಲರಿಗೂ ಪತ್ತೆ ಅತ್ತೆ.

ಅಷ್ಟರಲ್ಲಿ ಬಾಗಿಲಿಗೆ ನರ್ಸಮ್ಮ ಬಂದಳು. ಡ್ರೈವರ್ ತಾತನ ಸೊಸೆ. ಆಸ್ಪತ್ರೆಯಲ್ಲಿ ಎಂಥ ರಕ್ತ ನೋಡಿದರೂ ನಡುಗದ ಹೆಂಗಸು, ಈಗ ಚಪ್ಪಲಿ ಅದಲುಬದಲು ಹಾಕಿಕೊಂಡಿದ್ದಳು.

"ಅತ್ತೆ, ಬೇಗ ಬನ್ನಿ. ಗಾಡಿಯ ರೋಟರ್ ಕಳುವಾಗಿದೆ."

ಗಾಡಿಯ ಕತೆ ಓಣಿಗೆಲ್ಲ ಗೊತ್ತಿದ್ದದ್ದೇ. ಅವಳ ಗಂಡ ವೈರಿಂಗ್ ಕೆಲಸದವನು. ಎಲ್ಲರೂ ಕರೆಯುವುದು ವೈರಿಂಗ್ ಅಣ್ಣ ಅಂತ. ಎರಡು ವರ್ಷದ ಹಿಂದೆ ಸೈನ್ಯದವರು ಬೇಡವೆಂದು ಹರಾಜಿಗಿಟ್ಟ ಹಳೇ ಟ್ರಕ್ಕೊಂದನ್ನು ಎಳೆದುಕೊಂಡು ಬಂದು ಮನೆ ಮುಂದೆ ನಿಲ್ಲಿಸಿದ್ದ. ರಜೆ ಬಂದರೆ ಸಾಕು, ಅದರ ಹೊಟ್ಟೆಯೊಳಗೆ ಸೇರಿಕೊಳ್ಳುತ್ತಿದ್ದ. ತುಕ್ಕು ಕೆರೆದ, ಬ್ರೇಕ್ ಬದಲಿಸಿದ, ಎಂಜಿನ್ ಬಿಚ್ಚಿ ಜೋಡಿಸಿದ. ಹಿಂದಿನ ಡಬ್ಬಿಯಲ್ಲಿ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿದ. ಓಡುವ ಮನೆ. ನರ್ಸಮ್ಮನಿಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಹತ್ತು ದಿನದ ರಜೆ ಸಿಕ್ಕಿತ್ತು. ಅದರಲ್ಲಿ ಸಮುದ್ರ ನೋಡಿ ಬರುವುದೆಂದು ಗಂಡ ಹೆಂಡತಿ ಲೆಕ್ಕ ಹಾಕಿದ್ದರು.

"ಹನ್ನೊಂದು ಗಂಟೆಗೆ ತಪಾಸಣೆಯ ಇನ್‌ಸ್ಪೆಕ್ಟರ್ ಬರ್ತಾರೆ. ಗಾಡಿ ಸ್ಟಾರ್ಟ್ ಆಗದಿದ್ರೆ ರಜೆ ಹಾಳು. ಅದು ಹೋಗ್ಲಿ ಅತ್ತೆ," ನರ್ಸಮ್ಮ ದನಿ ತಗ್ಗಿಸಿದಳು. "ತೆಗೆದದ್ದು ಅಪ್ಪನೇ ಅಂತ ಕೂತಿದ್ದಾರೆ ಇವರು. ಗಾಡಿಯನ್ನ ಗುಜರಿಗೆ ಹಾಕಿ ಅಪ್ಪನ ಜೊತೆ ಮಾತು ಬಿಡ್ತೀನಿ ಅಂತಿದ್ದಾರೆ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ. ಈ ಅಪ್ಪ ಮಗ ದೂರವಾದ್ರೆ ಮತ್ತೆ ಒಂದು ಮಾಡೋದು ನನ್ನ ಕೈಲಾಗಲ್ಲ."

ಅತ್ತೆ ಟೇಪನ್ನು ಕೊರಳಲ್ಲೇ ಬಿಟ್ಟು ಎದ್ದರು. ಕಾಜಾ ಅಂಗಿಯನ್ನು ಸೂಜಿ ಸಮೇತ ಕಂಕುಳಲ್ಲಿ ಇರುಕಿಕೊಂಡು ಹಿಂಬಾಲಿಸಿದ. ದಾರಿಯಲ್ಲಿ ನರ್ಸಮ್ಮನ ಗೋಳು ನಿಲ್ಲಲಿಲ್ಲ. "ಬೆಳಿಗ್ಗೆ ವಾಷಿಂಗ್ ಮೆಷಿನ್ನೂ ಟಕಟಕ ಅಂತ ಹೊಡ್ಕೊಳ್ತಿತ್ತು. ನಮ್ಮನೆ ಯಂತ್ರಗಳೆಲ್ಲ ಮಾತಾಡ್ಕೊಂಡು ಮುಷ್ಕರ ಹೂಡಿವೆ."

ಟ್ರಕ್ಕು ಬೀದಿಯ ಬದಿಯಲ್ಲಿ, ಮನೆಯ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಹಸಿರು ಬಣ್ಣ, ಪಕ್ಕದಲ್ಲಿ ಹೊಸದಾಗಿ ಕೊರೆದ ಕಿಟಕಿ, ಕಿಟಕಿಗೆ ಹೂವಿನ ಪರದೆ. ವೈರಿಂಗ್ ಅಣ್ಣ ಬಾನೆಟ್ ಎತ್ತಿ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಎದುರು ಕಟ್ಟೆಯ ಮೇಲೆ ಗುಜರಿಯವನು ಕಾಲಾಡಿಸುತ್ತ ಕೂತಿದ್ದ. ಮನೆಯ ಬಾಗಿಲಲ್ಲಿ ಡ್ರೈವರ್ ತಾತ, ಬೆನ್ನು ಕೋಲಿನಷ್ಟು ನೇರ, ಯಾರ ಕಡೆಗೂ ನೋಡುತ್ತಿರಲಿಲ್ಲ.

"ರೋಟರ್ ಅಂದ್ರೆ ಎಷ್ಟು ದೊಡ್ಡದಪ್ಪ?" ಅತ್ತೆ ಕೇಳಿದರು.

ವೈರಿಂಗ್ ಅಣ್ಣ ಹೆಬ್ಬೆರಳು ತೋರಿಸಿದ. ಎಂಜಿನ್ನಿನ ಪಕ್ಕದಲ್ಲಿ ಕಪ್ಪು ಮುಚ್ಚಳದ ಒಂದು ಡಬ್ಬಿ. ಅದರೊಳಗೆ ಕೂತು ಗಿರ್ರೆಂದು ತಿರುಗುತ್ತ ಒಂದೊಂದು ಪ್ಲಗ್ಗಿಗೂ ಕಿಡಿ ಹಂಚುವ ತುಂಡು ಅದು. ಅದಿಲ್ಲದಿದ್ದರೆ ಎಂಜಿನ್ ಬರೀ ಕೆಮ್ಮುತ್ತದೆ, ಏಳುವುದಿಲ್ಲ. ಇಷ್ಟು ಹಳೇ ಗಾಡಿಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ನಿನ್ನೆ ಸಂಜೆ ನಾಲ್ಕಕ್ಕೆ ಮೊದಲ ಸಲ ಎಂಜಿನ್ ಎದ್ದಿತು ಅತ್ತೆ. ಎರಡು ಸುತ್ತು ಹೊಡೆದು ಇಲ್ಲೇ ನಿಲ್ಲಿಸಿ ಹಾಸಿಗೆ ಕೊಳ್ಳೋಕೆ ಪೇಟೆಗೆ ಹೋದ್ವಿ. ಬಂದಾಗ ಕತ್ತಲಾಗಿತ್ತು. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಸತ್ತಿದೆ. ಮುಚ್ಚಳ ತೆಗೆದು ನೋಡಿದ್ರೆ ಒಳಗೆ ಖಾಲಿ."

"ಮುಚ್ಚಳ ಹೇಗಿತ್ತು?"

"ಸರಿಯಾಗೇ ಇತ್ತು. ಎರಡೂ ಕ್ಲಿಪ್ಪು ಹಾಕಿತ್ತು."

"ಮತ್ತೇನಾದ್ರೂ ಬೇರೆ ಥರ ಇತ್ತಾ?"

ಅವನು ತಲೆ ಕೆರೆದುಕೊಂಡ. "ಪೆಟ್ರೋಲ್ ಟ್ಯಾಪ್ ಮುಚ್ಚಿತ್ತು. ನಾನು ಯಾವತ್ತೂ ಮುಚ್ಚೋದು ಮರೆತುಬಿಡ್ತೀನಿ."

ಕಾಜಾನಿಗೆ ಇಷ್ಟೇ ಸಾಕಾಯಿತು. ಅತ್ತೆಯ ಕಿವಿಯಲ್ಲಿ, "ಗುಜರಿಯವನೇ. ಮುಖ ನೋಡಿ, ಮದುವೆ ಮನೆಗೆ ಬಂದವನ ಹಾಗೆ ಕೂತಿದ್ದಾನೆ," ಅಂದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಬೇಕು. ಅವನು ಕಾಲಾಡಿಸ್ತಿದ್ದಾನೆ," ಅಂದರು ಅತ್ತೆ. ಆಮೇಲೆ ಸೀರೆ ಸಿಕ್ಕಿಸಿ ನೆಲಕ್ಕೆ ಬಗ್ಗಿದರು. ಎಂಜಿನ್ನಿನ ಕೆಳಗೆ ಅಂಗೈಯಗಲ ಎಣ್ಣೆಯ ಕಲೆ. ಅದಕ್ಕಿಂತ ಮುಂದೆ, ಪಕ್ಕದ ಮನೆಯ ಗೇಟಿನ ಕಡೆಗೆ, ಇನ್ನೊಂದು ಚಿಕ್ಕ ಕಲೆ. ಅತ್ತೆ ಟೇಪು ಹಿಡಿದು ಅಳೆದರು. ಮೂರಡಿ ಎರಡಿಂಚು. ಹಿಂದಿನ ಚಕ್ರಕ್ಕೆ ಒಂದು ಮರದ ತುಂಡು ಬಿಗಿಯಾಗಿ ಒತ್ತಿತ್ತು. ಮುಂದಿನ ಚಕ್ರಗಳು ಗೋಡೆಯ ಕಡೆಗೆ ತಿರುಗಿದ್ದವು.

ಪಕ್ಕದ ಮನೆಯ ಮೇಷ್ಟ್ರು ಗೇಟು ತೆಗೆದು ಬಂದರು. "ಗೇಟಿಗೆ ಅಡ್ಡ ನಿಲ್ಲಿಸ್ತೀಯಾ ಅಂತ ನಾನು ನಿನ್ನೆ ಇವನ ಮೇಲೆ ರೇಗಿದ್ದು ನಿಜ. ಆದ್ರೆ ನಾನು ವಾಕಿಂಗ್ ಮುಗಿಸಿ ಆರು ಗಂಟೆಗೆ ಬರೋ ಹೊತ್ತಿಗೆ ಗಾಡಿಯ ಮೂತಿ ಹಿಂದಕ್ಕೆ ಹೋಗಿತ್ತು. ಪಾಪ, ಹುಡುಗನಿಗೆ ಬುದ್ಧಿ ಬಂತು ಅಂದ್ಕೊಂಡೆ."

"ನಾನು ಸರಿಸಿಲ್ಲವಲ್ಲ," ಅಂದ ವೈರಿಂಗ್ ಅಣ್ಣ.

ಕಾಜಾ ಮತ್ತೆ ಅತ್ತೆಯ ಕಿವಿಗೆ ಬಾಯಿಟ್ಟ. "ಹಾಗಾದ್ರೆ ಮೇಷ್ಟ್ರೇ."

"ಮೇಷ್ಟ್ರಿಗೆ ಸೈಕಲ್ಲೇ ಬರಲ್ಲ ಕಣೋ." ಅತ್ತೆ ವೈರಿಂಗ್ ಅಣ್ಣನ ಕಡೆ ತಿರುಗಿದರು. "ಇದರ ಕೀಲಿ ಯಾರ ಹತ್ತಿರ ಇತ್ತು?"

"ಈ ಗಾಡಿಗೆ ಕೀಲಿಯೇ ಇಲ್ಲ ಅತ್ತೆ. ಸೈನ್ಯದ್ದು. ಸ್ವಿಚ್ ತಿರುಗಿಸಿ ಗುಂಡಿ ಒತ್ತಿದ್ರೆ ಆಯ್ತು. ಯುದ್ಧದ ಹೊತ್ತಲ್ಲಿ ಕೀಲಿ ಹುಡುಕ್ತಾ ಕೂರೋಕಾಗುತ್ತಾ?"

"ಅದೂ ಸರಿಯೇ," ಅಂದರು ಅತ್ತೆ. ಅವರ ಕಣ್ಣು ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳ ಮೇಲೆ ಹರಿದಾಡಿತು. ಗಾಳಿಗೆ ಎಲ್ಲ ಅಂಗಿಗಳೂ ಕುಣಿಯುತ್ತಿದ್ದವು. ಒಂದು ಬಿಳಿ ಅಂಗಿ ಮಾತ್ರ ಎಡಕ್ಕೆ ಜೋತು ಸೋಮಾರಿಯ ಹಾಗೆ ನೇತಾಡುತ್ತಿತ್ತು. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡ ಕಾಜಾ.

ವೈರಿಂಗ್ ಅಣ್ಣನ ತಾಳ್ಮೆ ಅಲ್ಲಿಗೆ ಮುಗಿಯಿತು. "ಯಾಕೆ ಸುತ್ತಿ ಬಳಸಿ ಕೇಳ್ತೀರಾ ಅತ್ತೆ? ನಿನ್ನೆ ಸಂಜೆ ಮನೇಲಿದ್ದದ್ದು ಅಪ್ಪ ಒಬ್ಬರೇ. ನಾನು ಈ ಕಿಟಕಿ ಕೊರೆದ ದಿನ ಏನಂದ್ರು ಕೇಳಿ. 'ಸೈನ್ಯದ ಗಾಡಿಗೆ ಕಿಟಕಿ ಇಟ್ಟು ಪರದೆ ಕಟ್ತೀಯಾ? ನಾನಿರೋ ತನಕ ಇದು ಹೊರಡಲ್ಲ' ಅಂದ್ರು. ಎರಡು ವರ್ಷ ಗಾಡಿ ಕಡೆ ಕಣ್ಣೆತ್ತಿ ನೋಡಿಲ್ಲ. ನಿನ್ನೆ ಎಂಜಿನ್ ಎದ್ದಾಗ ಓಣಿಯೆಲ್ಲ ಚಪ್ಪಾಳೆ ಹೊಡೀತು. ಇವರು ಬಾಗಿಲು ಹಾಕ್ಕೊಂಡು ಒಳಗೇ ಕೂತಿದ್ರು." ಕೊನೆಗೆ ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡ. ಅಷ್ಟು ಹೊತ್ತು ಸಿಟ್ಟು ಅನ್ನಿಸಿದ್ದು ಬರೀ ದುಃಖ ಅಂತ ಕಾಜಾನಿಗೆ ಆಗ ಗೊತ್ತಾಯಿತು.

"ನಾನು ಯಾವ ಸಾಮಾನೂ ಕದ್ದಿಲ್ಲ," ಅಂದರು ತಾತ.

"ಗಾಡಿ ಹತ್ತಿದ್ರಾ ತಾತ?" ಅತ್ತೆ ಮೆಲ್ಲಗೆ ಕೇಳಿದರು.

ತಾತ ಮುಖ ಆ ಕಡೆ ತಿರುಗಿಸಿದರು. ಕಿವಿ ಮಾತ್ರ ಕೆಂಪಾಯಿತು.

ಗಂಟೆ ಹತ್ತಾಯಿತು. ಅತ್ತೆ ಎಲ್ಲರನ್ನೂ ಟ್ರಕ್ಕಿನ ಒಳಗೆ ಹತ್ತಿಸಿದರು. ಹೊಸ ಮಂಚದ ಮೇಲೆ ಮೇಷ್ಟ್ರು, ನೀರಿನ ಟ್ಯಾಂಕಿನ ಮೇಲೆ ಗುಜರಿಯವನು, ಒಲೆಯ ಪಕ್ಕ ಗಂಡ ಹೆಂಡತಿ. ತಾತ ಒಳಗೆ ಬರಲೊಲ್ಲೆ ಅಂದರು. ಕೊನೆಗೆ ಹಿಂಬದಿಯ ಅಂಚಿನಲ್ಲಿ ಕೂತರು.

"ಕೇಳಿ," ಅತ್ತೆ ಶುರು ಮಾಡಿದರು. "ಕಳ್ಳ ಅನ್ನೋನು ಬಾಗಿಲು ಹಾಕ್ಕೊಂಡು ಹೋಗ್ತಾನಾ? ಇಲ್ಲಿ ರೋಟರ್ ತೆಗೆದವರು ಮುಚ್ಚಳ ಮುಚ್ಚಿ ಎರಡೂ ಕ್ಲಿಪ್ಪು ಹಾಕಿದ್ದಾರೆ. ಪೆಟ್ರೋಲ್ ಟ್ಯಾಪ್ ತಿರುಗಿಸಿದ್ದಾರೆ. ಚಕ್ರಕ್ಕೆ ಮರ ಕೊಟ್ಟಿದ್ದಾರೆ. ಅಪ್ಪಿತಪ್ಪಿ ಉರುಳಿದ್ರೂ ಬೀದಿಗೆ ನುಗ್ಗಬಾರದು ಅಂತ ಚಕ್ರ ಗೋಡೆ ಕಡೆ ತಿರುಗಿಸಿದ್ದಾರೆ. ಗಾಡಿ ಹಾಳು ಮಾಡೋಕೆ ಬಂದೋರು ಇಷ್ಟು ಮುದ್ದು ಮಾಡ್ತಾರಾ?"

ಗುಜರಿಯವನು ಇಲ್ಲ ಅನ್ನುವಂತೆ ತಲೆಯಾಡಿಸಿದ.

"ಎರಡು ಎಣ್ಣೆ ಕಲೆ. ಚಿಕ್ಕದು ಮುಂದೆ, ದೊಡ್ಡದು ಹಿಂದೆ. ಅಂದ್ರೆ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಗಾಡಿ ಮೂರಡಿ ಹಿಂದೆ ಹೋಗಿದೆ. ಯಾಕೆ? ಮೇಷ್ಟ್ರ ಗೇಟಿಗೆ ಅಡ್ಡ ಇತ್ತು. ಇಂಥ ಗಾಡಿಯನ್ನ ಗೋಡೆಗೆ ತಾಗಿಸದೆ ಹಿಂದಕ್ಕೆ ತಗೊಳ್ಳೋ ಕೈ ಈ ಓಣಿಯಲ್ಲಿ ಒಂದೇ. ಅಲ್ವಾ ತಾತ?"

ತಾತ ನೆಲ ನೋಡುತ್ತ ಅಂದರು, "ದಾರಿಗೆ ಅಡ್ಡ ನಿಲ್ಲಿಸಬಾರದು. ಯಾರಾದ್ರೂ ಕಲಿಸಬೇಕಿತ್ತು ಇವನಿಗೆ. ಅದಕ್ಕೇ ಹತ್ತಿದೆ. ಆದ್ರೆ ರೋಟರ್ ನಾನು ತೆಗೆದಿಲ್ಲಮ್ಮ. ಆಣೆ ಮಾಡ್ತೀನಿ."

"ಆಣೆ ಬೇಡ. ನಿಮಗೆ ನೆನಪಿಲ್ಲ ಅಷ್ಟೆ. ಬೆಳಿಗ್ಗೆ ಎದ್ದು ಬಾಗಿಲ ಚಿಲಕ ತೆಗೆದದ್ದು ಯಾರಿಗಾದ್ರೂ ನೆನಪಿರುತ್ತಾ? ನನಗೆ ಈ ಗಾಡಿಯ ಮರ್ಮ ಹೊಳೆದದ್ದು ಕೀಲಿ ಇಲ್ಲ ಅಂದಾಗ. ಕೀಲಿ ಇಲ್ಲದ ಗಾಡಿಗೆ ಬೀಗ ಹಾಕೋದು ಹೇಗೆ? ಯಾರು ಬೇಕಾದ್ರೂ ಹತ್ತಿ ಓಡಿಸಿಕೊಂಡು ಹೋಗಬಹುದಲ್ಲ. ಅದಕ್ಕೆ ಡ್ರೈವರ್ ಇಳಿಯುವಾಗ ಏನು ಮಾಡ್ತಿದ್ರು ತಾತ?"

ತಾತನ ಮುಖ ನಿಧಾನವಾಗಿ ಮೇಲೆದ್ದಿತು. "ರೋಟರ್ ತೆಗೆದು ಜೇಬಿಗೆ ಹಾಕ್ತಿದ್ವಿ," ಅಂದರು. ತಮ್ಮ ಮಾತು ತಮಗೇ ಕೇಳಿಸಿದಂತೆ ಬಲಗೈ ಎದೆಯ ಎಡಗಡೆಗೆ ಹೋಯಿತು.

"ಕಾಜಾ," ಅಂದರು ಅತ್ತೆ. "ವಾಷಿಂಗ್ ಮೆಷಿನ್ ಯಾಕೆ ಟಕಟಕ ಅಂತು, ಆ ಬಿಳಿ ಅಂಗಿ ಯಾಕೆ ಎಡಕ್ಕೆ ಜೋತಿದೆ, ಹೋಗಿ ನೋಡು. ನೀನೇ ಹೊಲಿದದ್ದು ತಾನೇ?"

ಕಾಜಾ ಓಡಿದ. ಒದ್ದೆ ಅಂಗಿಯ ಒಳಮಗ್ಗುಲಿಗೆ ಕೈ ಹಾಕಿದ. ಇಪ್ಪತ್ತು ವರ್ಷ ಬೈದುಕೊಂಡೇ ಹೊಲಿದ ಜೇಬು. ಗುಂಡಿ ಹಾಕಿತ್ತು. ಬಿಚ್ಚಿದರೆ ಒಳಗೆ ಹೆಬ್ಬೆರಳಿನಷ್ಟು ಕಪ್ಪು ತುಂಡು, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಅಳತೆ ಕೊಟ್ಟೇ ಹೊಲಿಸಿದ್ದರಲ್ಲ, ಅಂದುಕೊಂಡ. ಅವನಿಗೆ ನಗುವೂ ಬಂತು, ಕಣ್ಣೂ ಮಂಜಾಯಿತು.

ತಾತ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಕೈ ತೆಗೆದಿದೆ. ನನ್ನನ್ನ ಕೇಳಿಲ್ಲ," ಅಂದರು.

ವೈರಿಂಗ್ ಅಣ್ಣ ಏನೋ ಹೇಳಲು ಬಾಯಿ ತೆರೆದ. ಅತ್ತೆ ಬಿಡಲಿಲ್ಲ. "ಮೊದಲು ನನ್ನ ಮಾತು ಮುಗೀಲಿ. ನಿಮ್ಮಪ್ಪ ಈ ಗಾಡಿಯನ್ನ ದ್ವೇಷಿಸ್ತಾರೆ ಅಂದೆ ನೀನು. ಬೇರೆಯವರ ಗಾಡಿಯ ರೋಟರನ್ನ ಯಾರೂ ಎದೆ ಹತ್ತಿರ ಇಟ್ಕೊಳ್ಳಲ್ಲಪ್ಪ. ಇದು ನನ್ನ ಗಾಡಿ, ಇದಕ್ಕೆ ನಾನು ಜವಾಬ್ದಾರಿ ಅಂದ್ಕೊಂಡವನು ಮಾತ್ರ ಹಾಗೆ ಮಾಡೋದು. ಅವರ ಬಾಯಿ ಎರಡು ವರ್ಷದಿಂದ ಬೇಡ ಅಂತಿತ್ತು. ನಿನ್ನೆ ಕೈ ಒಪ್ಪಿಕೊಂಡುಬಿಡ್ತು."

ವೈರಿಂಗ್ ಅಣ್ಣ ಎದ್ದು ಹೋಗಿ ಅಪ್ಪನ ಪಕ್ಕ ಅಂಚಿನಲ್ಲೇ ಕೂತ. "ಗೇರ್ ಗಟ್ಟಿ ಇದೆಯಲ್ಲಪ್ಪಾ, ಹಿಂದಕ್ಕೆ ಹೇಗೆ ಹಾಕಿದ್ರಿ?"

"ಎರಡು ಸಲ ಕ್ಲಚ್ ಒತ್ತಬೇಕು ಕಣೋ ದಡ್ಡ," ಅಂದರು ತಾತ. "ಎಂಜಿನ್ ಚೆನ್ನಾಗಿ ಕಟ್ಟಿದ್ದೀಯಾ. ನಮ್ಮ ಕಾಲದಲ್ಲೂ ಇಷ್ಟು ಮೆತ್ತಗೆ ಓಡ್ತಿರಲಿಲ್ಲ." ಎರಡು ವರ್ಷ ಕಾದ ಮಾತು ಬಂದದ್ದು ಬೈಗುಳದ ಬೆನ್ನಿಗೆ. ಮಗನಿಗೆ ಅದೇ ಸಾಕಾಗಿತ್ತು.

ರೋಟರ್ ಒರೆಸಿ, ಬಿಸಿಲಿಗಿಟ್ಟು, ಕೂರಿಸಿದರು. ತಾತನ ಅಂಗಿ ಒದ್ದೆಯಾಗಿದ್ದರಿಂದ ಕಾಜಾ ಹೊಸದರ ಕೊನೆಯ ಹೊಲಿಗೆಯನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ಮುಗಿಸಿಕೊಟ್ಟ. ಈ ಸಲ ಬೈಯಲಿಲ್ಲ. ಹನ್ನೊಂದಕ್ಕೆ ಬಂದ ಇನ್‌ಸ್ಪೆಕ್ಟರ್ ವೈರಿಂಗ್ ಅಣ್ಣನ ಪಕ್ಕ ಕೂತು ಓಣಿ ಸುತ್ತಿದರು, ದೀಪ ನೋಡಿದರು, ಬ್ರೇಕ್ ನೋಡಿದರು. ಕೊನೆಗೆ ಗೋಡೆಗೆ ಒತ್ತಿ ನಿಲ್ಲಿಸಲು ಬಾರದೆ ಮಗ ಒದ್ದಾಡಿದಾಗ ತಾತ ಹತ್ತಿ ಒಂದೇ ಏಟಿಗೆ ನಿಲ್ಲಿಸಿ ಇಳಿದರು. ಕಾಗದಕ್ಕೆ ಸಹಿ ಬಿತ್ತು.

"ಮಾವ, ನೀವೂ ಬನ್ನಿ," ಅಂದಳು ನರ್ಸಮ್ಮ.

ತಾತ ಪರದೆಯ ಕಡೆ ಒಮ್ಮೆ ನೋಡಿದರು. "ಆ ಕಿಟಕಿ ಪಕ್ಕದ ಜಾಗ ಯಾರದು?"

"ಯಾರದೂ ಅಲ್ಲ."

"ಹಾಗಾದ್ರೆ ಸರಿ." ಹೋಗಿ ಕೂತರು. ಪರದೆಯನ್ನು ತಾವೇ ಸರಿಸಿಕೊಂಡರು.

ಓಣಿಯೆಲ್ಲ ಬೀಳ್ಕೊಡಲು ಸೇರಿತು. ಗುಜರಿಯವನು ಆಸೆ ಬಿಟ್ಟು ಕೈ ಬೀಸಿದ. ವೈರಿಂಗ್ ಅಣ್ಣ ಸ್ವಿಚ್ ತಿರುಗಿಸಿ ಗುಂಡಿ ಒತ್ತಿದ. ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಒತ್ತಿದ. ಕೆಮ್ಮಿ ಸುಮ್ಮನಾಯಿತು.

ಅತ್ತೆ ಕಿಟಕಿಯ ಕಡೆ ನೋಡಿದರು. ಎಲ್ಲರೂ ನೋಡಿದರು. ಕೊನೆಗೆ ತಾತನೂ ತಮ್ಮ ಎದೆಯನ್ನು ನೋಡಿಕೊಂಡರು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಅವರು ನಕ್ಕದ್ದನ್ನು ಓಣಿ ನೋಡಿ ಎಷ್ಟು ಕಾಲವಾಗಿತ್ತೋ. ನಗುತ್ತಲೇ ಹೊಸ ಅಂಗಿಯ ಒಳಗೆ ಎರಡು ಬೆರಳು ತೂರಿಸಿದರು.

ಕಾಜಾ ಮಾತ್ರ ಆ ಗುಂಡಿಯನ್ನೇ ನೋಡುತ್ತಿದ್ದ. ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಬಿಚ್ಚಿಕೊಂಡಿತು. ಒಳ್ಳೇ ಕಾಜಾ, ಅಂದುಕೊಂಡ.