ಗೋಡೆಯಿಂದ ಹೋದ ಹೆಸರು

ಫಲಕ ಇರಲಿಲ್ಲ.

ಅಂಗೈಯಗಲದ ಹಿತ್ತಾಳೆ ಫಲಕ, ನಿನ್ನೆ ಸಂಜೆಯಷ್ಟೇ ಗೋಡೆಗೆ ಹಾಕಿದ್ದು. ಬೆಳಗಾಗುವಷ್ಟರಲ್ಲಿ ಅದಿದ್ದ ಜಾಗದಲ್ಲಿ ಬರೀ ಸುಣ್ಣ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಕೆಳಗೆ ಕಲ್ಲುನೆಲದ ಮೇಲೆ ಒಬ್ಬ ತಾಯಿ ಕೂತಿದ್ದಳು. ಅಳುತ್ತಿರಲಿಲ್ಲ. ಗೋಡೆಯನ್ನೇ ನೋಡುತ್ತಿದ್ದಳು.

ನಾನೂ ನಮ್ಮ ಭಾವನೂ ಆ ಹಳೆಯ ಊರಿಗೆ ಹೋಗಿದ್ದು ಪ್ರಾರ್ಥನಾಮಂದಿರಗಳ ಕೇರಿಯನ್ನು ಒಂದು ದಿನ ಸುತ್ತಿ ನೋಡಲು. ಭಾವ ಅಂದರೆ ಅಕ್ಕನ ಗಂಡ. ಮೂವತ್ತು ವರ್ಷ ಪೊಲೀಸ್ ತನಿಖೆ ಮಾಡಿ, ಮಂಡಿನೋವು ಸಂಪಾದಿಸಿಕೊಂಡು ನಿವೃತ್ತರಾದವರು. ಮೂವರು ಅಕ್ಕಪಕ್ಕ ನಡೆಯಲಾಗದಷ್ಟು ಇಕ್ಕಟ್ಟಿನ ಓಣಿಯಲ್ಲಿ ಮೂರು ಧರ್ಮಗಳ ಮೂರು ಮಂದಿರ. ಒಂದರ ಗಂಟೆ ನಿಂತ ಮೇಲೆಯೇ ಇನ್ನೊಂದರ ಪ್ರಾರ್ಥನೆ ಶುರು. ದೇವರುಗಳು ಇಷ್ಟು ಒತ್ತೊತ್ತಾಗಿ ಬಾಳಲು ಕಲಿತಿದ್ದಾರಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದು ಎರಡನ್ನು ನೋಡಿ ಮುಗಿಸಿದ್ದೆ. ಮೂರನೆಯದಕ್ಕೆ ಕಾಲಿಟ್ಟಾಗ ಕಂಡದ್ದು ಇದು.

ಮಂದಿರ ಕಾಯುವ ಮುದುಕ ವಿಷಯ ತಿಳಿಸಿದ. ಅದು ಗತಿಸಿದವರ ಹೆಸರಿನ ಗೋಡೆ. ಈ ತಾಯಿಯ ಮಗಳು ಒಂಬತ್ತನೆಯ ವಯಸ್ಸಿನಲ್ಲಿ ಇದೇ ಓಣಿಯ ಜನಜಂಗುಳಿಯಲ್ಲಿ ತಪ್ಪಿಸಿಕೊಂಡವಳು ಮತ್ತೆ ಸಿಗಲಿಲ್ಲ. ಹನ್ನೊಂದು ವರ್ಷ ಕಾದು, ಈ ವರ್ಷ ತಾಯಿ ಮನಸ್ಸು ಗಟ್ಟಿ ಮಾಡಿ ಫಲಕ ಮಾಡಿಸಿದ್ದಳು. ಹೊಸ ಹೆಸರುಗಳನ್ನು ಓದಿ ಪ್ರಾರ್ಥಿಸುವುದು ವರ್ಷಕ್ಕೊಂದೇ ಸಲ, ಇವತ್ತು ಮಧ್ಯಾಹ್ನ. ಗೋಡೆಯ ಮೇಲಿಲ್ಲದ ಹೆಸರನ್ನು ಓದುವಂತಿಲ್ಲ.

"ಇನ್ನೊಂದು ವರ್ಷ ನನ್ನ ಕೈಲಾಗಲ್ಲ," ಎಂದಳು ತಾಯಿ, ಗೋಡೆಗೆ ಹೇಳುವಂತೆ.

ಭಾವ ಗಡಿಯಾರ ನೋಡಿದರು. ಹತ್ತು ಗಂಟೆ.

"ಫಲಕ ಹಾಕಿದ್ದು ಯಾರು?"

"ನಾನೇ ಸ್ವಾಮಿ," ಎಂದ ಮುದುಕ. "ಕಣ್ಣು ಮಂಜು. ಸ್ಕ್ರೂನ ಹೇಗೋ ತಿರುಗಿಸಿ ಬಿಟ್ಟೆ."

"ಇಲ್ಲಿರೋ ಎಲ್ಲಾ ಫಲಕಾನೂ ನೀವೇ ಹಾಕಿದ್ದಾ?"

"ನಲವತ್ತು ವರ್ಷದಿಂದ."

ಭಾವ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಯಾರ ಮೇಲೆ ಅನುಮಾನ ಎಂದು ಕೇಳಿದರು. ಮುದುಕ ಇಬ್ಬರನ್ನು ಹೇಳಿದ.

ಮೊದಲನೆಯವನು ಪಕ್ಕದ ಹಳೇ ಸಾಮಾನಿನ ಅಂಗಡಿಯವನು. ಬೆಳಿಗ್ಗೆ ಮಂದಿರದೊಳಗೆ ಬಂದಿದ್ದನ್ನು ಅವನೇ ಒಪ್ಪಿಕೊಂಡ. "ಕದಿಯೋನಾಗಿದ್ರೆ ಆ ಆಳೆತ್ತರದ ದೀಪದ ಕಂಬ ಬಿಟ್ಟು ಅಂಗೈಯಷ್ಟು ತಗಡು ಕದೀತೀನಾ? ನನ್ನ ಕಸುಬಿಗೆ ಅವಮಾನ ಮಾಡಬೇಡಿ," ಎಂದ. ಎರಡನೆಯವನು ಫಲಕದ ಅಕ್ಷರ ಕೊರೆದವನು. ಒಂದಕ್ಷರ ಸೊಟ್ಟಗಾಗಿದೆ, ತಿದ್ದಿಕೊಡುತ್ತೇನೆ ಎಂದು ಗೋಗರೆದಿದ್ದನಂತೆ. ಆದರೆ ಅವನ ಬಲಗೈಗೆ ನಿನ್ನೆಯಿಂದ ಪಟ್ಟಿ, ಉಳಿ ಜಾರಿತ್ತು. ಲೋಟ ಹಿಡಿಯಲೂ ಆಗುತ್ತಿರಲಿಲ್ಲ.

"ನಿಮ್ಮ ಯಜಮಾನರು ಎಲ್ಲಿ, ತಾಯಿ?" ಎಂದರು ಭಾವ.

"ಓಣಿ ಕೊನೇಲಿ ಬೀಗ ರಿಪೇರಿ ಅಂಗಡಿ. ಇನ್ನೂ ಹೇಳಿಲ್ಲ. ಅವರು ತಡ್ಕೊಳ್ಳಲ್ಲ."

ತಾಯಿಯೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅಂಗಡಿಯ ಹಿಂದೆಯೇ ಅವರ ಮನೆ. ಗಂಡ ತಲೆ ತಗ್ಗಿಸಿ ಕೀಲಿಗೆ ಅರ ಹಾಕುತ್ತಿದ್ದ. ಗೋಡೆ ತುಂಬ ಬೀಗಗಳು. ಸುದ್ದಿ ಕೇಳಿದ ಮೇಲೂ ಅರ ನಿಲ್ಲಲಿಲ್ಲ.

"ಚೊಕ್ಕ ಕೆಲಸ," ಎಂದರು ಭಾವ, ಒಂದು ಬೀಗ ಮುಟ್ಟಿ. "ಸ್ಕ್ರೂ ತಲೆ ಮೇಲಿನ ಗೀರೆಲ್ಲ ನೆಟ್ಟಗೆ ನಿಂತಿವೆ. ಯಾಕೆ ಹಾಗೆ?"

"ನಮ್ಮಪ್ಪ ಕಲಿಸಿದ್ದು. ಒಂದು ಕೂದಲೆಳೆ ಸಡಿಲ ಆದ್ರೂ ಕಣ್ಣಿಗೆ ಬೀಳುತ್ತೆ."

"ಮನೆ ಬಾಗಿಲಿಗೇ ಬೀಗ ಕಾಣಲ್ಲ?"

ಉತ್ತರ ಕೊಟ್ಟವಳು ಹೆಂಡತಿ. "ಹನ್ನೊಂದು ವರ್ಷದಿಂದ ಹಾಕಿಲ್ಲ. ಅವಳು ಬಂದ್ರೆ ಅಂತ."

ಭಾವ ಮಂಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು.

"ಕಳ್ಳ ಫಲಕ ಕಿತ್ತರೆ ಸ್ಕ್ರೂ ನೆಲಕ್ಕೆ ಎಸೀತಾನೆ. ಇದನ್ನ ತೆಗೆದವರು ನಾಲ್ಕನ್ನೂ ವಾಪಸ್ ಅದದರ ತೂತಿಗೇ ಹಾಕಿದಾರೆ. ಬಿಚ್ಚಿದ್ದು ಕಳೀಬಾರದು ಅನ್ನೋ ಕಸುಬಿನವರು. ನಾವೆಲ್ಲ ಖಾಲಿ ಜಾಗ ನೋಡಿದ್ವಿ, ಸ್ಕ್ರೂ ನೋಡಲಿಲ್ಲ. ಮುದುಕಪ್ಪ ಹಾಕಿದ ಸ್ಕ್ರೂಗಳ ಗೀರು ಗೋಡೆ ತುಂಬ ದಿಕ್ಕಿಗೊಂದು. ಈ ನಾಲ್ಕು ಮಾತ್ರ ನೆಟ್ಟಗೆ ನಿಂತಿವೆ. ಕೈಗೆ ಅಭ್ಯಾಸ ಆಗಿಹೋಗಿದೆ, ಅಲ್ವಾ ಸ್ವಾಮಿ?"

ಅರ ನಿಂತಿತು.

ಅವನು ಸಾಮಾನಿನ ಪೆಟ್ಟಿಗೆಯ ತಳದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಹಿತ್ತಾಳೆ ಬಟ್ಟೆಯೊಳಗಿಂದ ಮಿನುಗಿತು.

"ಅವತ್ತು ಅವಳ ಕೈ ಬಿಟ್ಟಿದ್ದು ನಾನು," ಎಂದ, ಹೆಂಡತಿಯ ಮುಖ ನೋಡದೆ. "ಆ ಹಳೇ ಸಾಮಾನಿನ ಅಂಗಡೀಲಿ ಒಂದು ಬೀಗ ಕಂಡ್ತು. ತಿರುಗಿಸಿ ನೋಡೋಣ ಅಂತ ಎರಡೂ ಕೈ ಹಾಕಿದೆ. ಅಷ್ಟೇ. ಇವತ್ತು ಹೆಸರು ಓದಿಬಿಟ್ರೆ ಇನ್ನು ಯಾರೂ ಹುಡುಕಲ್ಲ. ಎರಡನೇ ಸಲ ಕೈ ಬಿಟ್ಟ ಹಾಗೆ."

ನಾನು ಬಾಗಿಲ ಕಡೆ ತಿರುಗಿಕೊಂಡೆ. ಇಂಥ ಮಾತಿಗೆ ಎದುರು ನಿಲ್ಲುವ ಯೋಗ್ಯತೆ ನನಗಿರಲಿಲ್ಲ.

ಅವಳು ಫಲಕವನ್ನು ಕಿತ್ತುಕೊಳ್ಳಲಿಲ್ಲ. ಅವನ ಪಕ್ಕ ಕೂತಳು.

"ನಿಮ್ಮ ಮೇಲೆ ನನಗೆ ಯಾವತ್ತೂ ಕೋಪ ಇರಲಿಲ್ಲ ರೀ. ಗಾಳಿಗೆ ಬಾಗಿಲು ಕಿರ್ ಅಂದ್ರೆ ಸಾಕು, ಎದ್ದು ಕೂರ್ತೀನಿ. ಹನ್ನೊಂದು ವರ್ಷ ಆಯ್ತು. ನನಗೆ ಒಂದು ದಿನ ನಿದ್ದೆ ಬೇಕು. ಬೇಡ ಅಂದ್ರೆ ಹೇಳಿ, ಹೀಗೇ ಇರ್ತೀನಿ."

ಅವನು ಫಲಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಂಡು ಎದ್ದ.

ಫಲಕವನ್ನು ಅವನೇ ಹಾಕಿದ. ಕೊನೆಯ ಗೀರು ನೆಟ್ಟಗೆ ನಿಲ್ಲುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಮಗಳ ಹೆಸರು ಬಂದಾಗ ನೆರೆದವರೆಲ್ಲ ತಲೆಬಾಗಿದರು. ಅವನು ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

ಸಂಜೆ ಊರು ಬಿಡುವಾಗ ಅದೇ ಓಣಿಯಲ್ಲಿ ಬಂದೆವು. ಮನೆಯ ಬಾಗಿಲು ಮುಚ್ಚಿತ್ತು. ಅದಕ್ಕೆ ಹೊಸ ಒಳಬೀಗ ಕೂತಿತ್ತು. ಅವನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ನಮ್ಮನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು, "ಮಲಗಿದ್ದಾಳೆ," ಎಂದ.

ಕೀಲಿಯನ್ನು ಹೊರಗೆ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ. ಹೊರಗೆ ಯಾಕೆ ಎಂದು ಕೇಳಹೊರಟವನ ಕಣ್ಣು ಮೊಳೆಯ ಮೇಲೆ ಬಿತ್ತು. ಮೊಳೆಯನ್ನು ತೀರಾ ತಗ್ಗಿನಲ್ಲಿ ಹೊಡೆದಿದ್ದ, ಒಂಬತ್ತು ವರ್ಷದ ಮಗುವಿನ ಕೈಗೆ ಎಟುಕುವಷ್ಟು.