ತಿದಿಯ ಮೇಲಿನ ಕೈ

ಕೊಲ್ಲಿ ದೇಶದ ಈ ಮಂಗಫ್‌ನ ನಮ್ಮ ಕಟ್ಟಡದಲ್ಲಿ ಈ ಸಂಗತಿ ಗೊತ್ತಿರುವುದು ನನಗೆ ಮತ್ತು ಮೇಲಿನ ಮನೆಯ ಫ್ರೀಡಾ ಅವರಿಗೆ ಮಾತ್ರ. ತೊಡೆಯ ಮೇಲಿಟ್ಟು ನುಡಿಸುವ ಪುಟ್ಟ ಆರ್ಗನ್ನಿನಲ್ಲಿ ಅವರು ಚರ್ಚಿನ ಶುಕ್ರವಾರದ ಪೂಜೆಗೆ ನೂರಾರು ವರ್ಷ ಹಳೆಯ ಲ್ಯಾಟಿನ್ ಸ್ತುತಿಯೊಂದನ್ನು ನುಡಿಸಬೇಕಿತ್ತು. ಬಲಗೈಯಲ್ಲಿ ನುಡಿಸುತ್ತ ಎಡಗೈಯಲ್ಲಿ ಅದರ ಹಿಂಬದಿಯ ಚರ್ಮದ ತಿದಿ ಒತ್ತಬೇಕು. ಎಡಗೈ ಉಳುಕಿದ್ದರಿಂದ ಅಭ್ಯಾಸದ ಹೊತ್ತಿಗೆ ಗಾಳಿ ಹಾಕಲು ನನ್ನನ್ನು ತಮ್ಮ ಮನೆಗೆ ಕರೆದರು. ನಮ್ಮ ಬಾದಾಮಿ ಕಡೆ ಗಾಳಿ ಅಂದರೆ ಬರೀ ಗಾಳಿಯಲ್ಲ, ದೆವ್ವವೂ ಹೌದು. ಅದನ್ನು ಅವರಿಗೆ ಹೇಳಲಿಲ್ಲ.

ಹೊರಗೆ ಮಧ್ಯಾಹ್ನದ ಬಿಸಿಲಿಗೆ ಕಿಟಕಿಯ ಗಾಜು ಸುಡುತ್ತಿತ್ತು. ಆದರೆ ಆರ್ಗನ್ನಿನ ಕೊಳವೆಗಳಿಂದ ಮುಂಗೈಗೆ ತಾಗುತ್ತಿದ್ದ ಗಾಳಿ ಕೊರೆಯುವಷ್ಟು ತಣ್ಣಗಿತ್ತು. ಪ್ರತಿ ಸಾಲು ಮುಗಿದಾಗಲೂ ಯಾರೋ ಉಸಿರೆಳೆದುಕೊಂಡ ಸದ್ದು. ಹಳೇ ಚರ್ಮದ ಸದ್ದಿರಬೇಕು ಅಂದುಕೊಂಡೆ.

ಹಾಡು ನಿಂತಾಗ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಲೋಟ ತುಂಬುವಷ್ಟರಲ್ಲಿ ಹಾಡು ಮತ್ತೆ ಶುರುವಾಯಿತು.

"ಸ್ವಲ್ಪ ಮೆಲ್ಲ ಗಾಳಿ ಹಾಕಿ ಭರಮಣ್ಣ ಮಾರಾಯ್ರೆ," ಅಂದರು ಫ್ರೀಡಾ, ಕಣ್ಣು ಮುಚ್ಚಿಕೊಂಡೇ.

"ಅಕ್ಕಾರ, ನಾ ಇಲ್ಲೆ ಬಾಗಲದಾಗ ನಿಂತೇನ್ರಿ."

ಅವರು ಕಣ್ಣು ಬಿಟ್ಟು ಬಲಗೈ ಎತ್ತಿದರು. ಸ್ವರ ನಿಂತಿತು. ತಿದಿ ಮಾತ್ರ ಮಲಗಿದವರ ಎದೆಯ ಹಾಗೆ ಏರುತ್ತ ಇಳಿಯುತ್ತ ಇತ್ತು.

"ನಿಲ್ಲಿಸಿ ಅದನ್ನು," ಅಂದರು. ಹೋಗಿ ಹಿಡಿದೆ. ಹಿಡಿಕೆ ಬೆಚ್ಚಗಿತ್ತು.

ಈಗ ಫ್ರೀಡಾ ಅವರ ಎಡಗೈ ಪೂರ್ತಿ ವಾಸಿಯಾಗಿದೆ. ಆದರೂ ಆ ತಿದಿ ಮುಟ್ಟಲು ಅವರಿಗೆ ಧೈರ್ಯವಿಲ್ಲ, ಶುಕ್ರವಾರ ಬಂದರೆ ನನ್ನನ್ನೇ ಕರೆಯುತ್ತಾರೆ. ಪೂಜೆಗೆ ಬಂದವರು ನೋಡಲಿ ಅಂತ ತಿದಿಯ ಮೇಲೆ ಕೈ ಇಡುತ್ತೇನೆ. ಆ ಮಧ್ಯಾಹ್ನದ ನಂತರ ಒಮ್ಮೆಯೂ ಒತ್ತಿಲ್ಲ.