ಸಿಪ್ಪೆ ಸುಲಿದ ಬ್ಲೂಬೆರ್ರಿ

"ನಮ್ಮ ಹಣ್ಣೇ ಕೊನೇದಾ ಮೇಡಂ?"

ಅವನು ವರದಿಯನ್ನು ಅವಳ ಮೇಜಿನ ಮೇಲಿಟ್ಟ. ಲ್ಯಾಬಿಗೆ ಬಂದಾಗಲೆಲ್ಲ ನಗುತ್ತಿದ್ದ ಬ್ಲೂಬೆರ್ರಿ ಬೆಳೆಗಾರ ಇವತ್ತು ನಗಲಿಲ್ಲ.

"ಏಳು ತಳಿಯಲ್ಲಿ ನಿಮ್ಮದರಲ್ಲೇ ಆಂಥೋಸಯನಿನ್ ಕಡಿಮೆ. ಹಣ್ಣಿಗೆ ಆ ನೀಲಿ ಬಣ್ಣ ಕೊಡೋದು ಅದೇ, ಮೈಗೂ ಒಳ್ಳೇದು ಅನ್ನೋದು ಅದನ್ನೇ. ನಾನೇನು ಮಾಡ್ಲಿ?"

"ಅಜ್ಜಿ ನೆಟ್ಟ ಗಿಡಗಳು. ವರದಿ ಚೆನ್ನಾಗಿ ಬರದಿದ್ರೆ ಕಿತ್ತು ಬೇರೆ ಹಾಕ್ತೀನಿ ಅಂದಿದಾನೆ ಅಣ್ಣ. ಸೋಮವಾರ ಕೀಳ್ತಾನೆ."

ಅಷ್ಟೇ ಹೇಳಿ ಹೊರಟುಹೋದ.

ಅವಳು ವರದಿಯನ್ನು ಮತ್ತೆ ಬಿಚ್ಚಿದಳು. ಕಣ್ಣು ಮುಚ್ಚಿ ಬಾಯಿಗಿಟ್ಟರೆ ಏಳೂ ತಳಿಗಳನ್ನು ಗುರುತಿಸುವ ಮನುಷ್ಯ ಅವನು! ಅವನ ಗಿಡ ಕೀಳಿಸಿದವಳು ನಾನೇ ಆದೆನಲ್ಲ... ಹಾಗಂತ ಅಂಕಿ ತಿದ್ದಲಾದೀತೇ?

ಶನಿವಾರ ಮನಸ್ಸು ತಡೆಯದೆ ತೋಟಕ್ಕೇ ಹೋದಳು. ಅವನಿರಲಿಲ್ಲ. ಅವನ ತಾಯಿ ಕೂರಿಸಿ, ಬಟ್ಟಲು ತುಂಬ ಹಣ್ಣು ಕೊಟ್ಟರು.

"ಮನೇಲಿ ಒಂದು ಲೋಟ ತೊಳೆಯೋನಲ್ಲಮ್ಮ ಇವನು. ನಿಮ್ಮ ಯಂತ್ರಕ್ಕೆ ಅಂತ ಎರಡು ದಿನ ಕೂತು ಒಂದೊಂದೇ ಹಣ್ಣಿನ ಸಿಪ್ಪೆ ಸುಲಿದ!"

ಅವಳ ಕೈ ಬಟ್ಟಲಲ್ಲೇ ನಿಂತಿತು. ಹಣ್ಣನ್ನು ತೋಟದಲ್ಲೇ ಅರೆದು, ಹೆಪ್ಪುಗಟ್ಟಿಸಿ ತರುವುದು ಲ್ಯಾಬಿನ ಕ್ರಮ. ಅವನು ತಂದದ್ದು ಪೇಲವವಾಗಿತ್ತು, ತಳಿಯೇ ಹಾಗಿರಬೇಕೆಂದುಕೊಂಡು ಅವಳು ಏನೂ ಕೇಳಿರಲಿಲ್ಲ. 'ಸಿಪ್ಪೆ ಸಿಕ್ಕಿ ಯಂತ್ರದ ನಳಿಕೆ ಕಟ್ಟಿಕೊಳ್ತು, ದಿನವೆಲ್ಲ ತೊಳೆದೆ' ಎಂದು ಒಮ್ಮೆ ಅವನೆದುರು ಗೊಣಗಿದ್ದಳಷ್ಟೇ.

ಆದರೆ ಆಂಥೋಸಯನಿನ್ ಬಹುಪಾಲು ಇರುವುದೇ ಸಿಪ್ಪೆಯಲ್ಲಿ!

ಒಂದು ಬುಟ್ಟಿ ಹಣ್ಣು ಕೇಳಿ ಪಡೆದು, ಭಾನುವಾರವೂ ಲ್ಯಾಬಿನ ಬಾಗಿಲು ತೆರೆಸಿದಳು.

ಸೋಮವಾರ ಬೆಳಿಗ್ಗೆ ಅವಳು ಓಡೋಡಿ ಬರುವಾಗ ಅಣ್ಣ ಗುದ್ದಲಿ ಎತ್ತಿದ್ದ.

"ನಿಲ್ಸಿ. ಸಿಪ್ಪೆ ಸಮೇತ ಅಳೆದೆ. ಏಳರಲ್ಲಿ ನಿಮ್ಮ ಅಜ್ಜಿಯ ಹಣ್ಣೇ ಮೊದಲನೇದು."

ಅಣ್ಣ ವರದಿಯನ್ನು ಎರಡು ಸಲ ಓದಿ, ಗುದ್ದಲಿ ಹೆಗಲಿಗೇರಿಸಿ ಮನೆಯತ್ತ ನಡೆದ. ತಮ್ಮ ಮಾತ್ರ ಗಿಡ ಹಿಡಿದು ನಿಂತೇ ಇದ್ದ. ಅವನ ಕಣ್ಣು ತುಂಬಿತ್ತು.

"ಸಿಪ್ಪೆ ತೆಗೆದಿದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರಿ."

"ಈಗ ಕೇಳ್ತಿದೀನಿ."

"ನೀವು ದಿನವೆಲ್ಲ ನಳಿಕೆ ತೊಳೆಯೋದು ನನಗೆ ಸಹಿಸೋಕಾಗ್ಲಿಲ್ಲ. ನಿಮ್ಮನ್ನ ಅಷ್ಟು ಇಷ್ಟಪಟ್ಟುಬಿಟ್ಟಿದೀನಿ."

ಇದಕ್ಕೇ ಅಲ್ಲವೇ ಅವಳು ಕಾದಿದ್ದು...

"ಇನ್ನು ಸಿಪ್ಪೆ ಸಮೇತ ತನ್ನಿ. ಕಟ್ಟಿಕೊಂಡ್ರೆ ಇಬ್ರೂ ಕೂತು ತೊಳೆಯೋಣ."

"ಎಷ್ಟು ದಿನ?"

"ಈ ಗಿಡ ಇರೋವರೆಗೂ."

"ಇದು ಇನ್ನೂ ಮೂವತ್ತು ವರ್ಷ ಬದುಕುತ್ತೆ ಮೇಡಂ."

"ಗೊತ್ತು. ಅದಕ್ಕೇ ಹೇಳಿದ್ದು."